ಬ್ರೇಕ್ ಪ್ಯಾಡ್ ಸವೆದಿದೆಯಾ? ಒಳಗಡೆಯದನ್ನೂ ನೋಡಿ

ಚಕ್ರದ ಸಂದಿಯಿಂದ ಇಣುಕಿ 'ಪ್ಯಾಡ್ ಇನ್ನೂ ದಪ್ಪ ಇದೆ' ಎಂದು ಸುಮ್ಮನಾಗುವವರೇ ಜಾಸ್ತಿ. ಅಲ್ಲಿ ಕಾಣುವುದು ಹೊರಗಿನ ಪ್ಯಾಡ್ ಮಾತ್ರ. ಚಕ್ರದ ಜೊತೆ ತಿರುಗುವ ಲೋಹದ ತಟ್ಟೆ, ಅಂದರೆ ಡಿಸ್ಕ್‌ನ ಆಚೆ ಬದಿಗೆ ಇನ್ನೊಂದಿದೆ. ಎಷ್ಟೋ ಕಾರುಗಳಲ್ಲಿ ಮೊದಲು ಸವೆಯುವುದು ಅದೇ. ಹಾಗಾಗಿ ಚಕ್ರ ಬಿಚ್ಚಿ ನೋಡುವುದೇ ಸರಿ.

ಕಾರನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ. ಆಗಷ್ಟೇ ಓಡಿಸಿದ್ದರೆ ಡಿಸ್ಕ್ ಕೈ ಸುಡುತ್ತದೆ, ಆರಲು ಬಿಡಿ. ಮುಂದಿನ ಚಕ್ರ ಬಿಚ್ಚುವುದಾದರೆ ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಅಡ್ಡ ಕೊಡಿ. ಚಕ್ರ ನೆಲದ ಮೇಲಿರುವಾಗಲೇ ನಟ್‌ಗಳನ್ನು ತುಸು ಸಡಿಲಿಸಿ, ಆಮೇಲೆ ಜಾಕ್ ಏರಿಸಿ. ಬರೀ ಜಾಕ್ ನಂಬಬೇಡಿ. ಕೆಳಗೆ ಸ್ಟ್ಯಾಂಡ್ ಕೊಡಲೇಬೇಕು.

ಚಕ್ರ ತೆಗೆದ ಮೇಲೆ ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್‌ನೊಳಗೆ ಟಾರ್ಚ್ ಬಿಡಿ. ಪ್ಯಾಡ್‌ನಲ್ಲಿ ಎರಡು ಪದರ ಕಾಣುತ್ತದೆ. ಹಿಂದೆ ಕಬ್ಬಿಣದ ಪ್ಲೇಟ್, ಡಿಸ್ಕ್‌ಗೆ ತಾಗುವ ಕಡೆ ಕಪ್ಪಗಿನ ಉಜ್ಜುವ ಪದರ. ಆ ಕಪ್ಪು ಪದರವನ್ನಷ್ಟೇ ಅಳೆಯಿರಿ. ಪ್ಲೇಟನ್ನೂ ಸೇರಿಸಿ ಅಳೆದರೆ ಮುಗಿದ ಪ್ಯಾಡ್ ಕೂಡ ಚೆನ್ನಾಗಿಯೇ ಕಾಣುತ್ತದೆ! ಹೊಸ ಪ್ಯಾಡ್‌ನಲ್ಲಿ ಈ ಪದರ ಸಾಮಾನ್ಯವಾಗಿ 10 ಮಿ.ಮೀ. ಆಸುಪಾಸು ಇರುತ್ತದೆ. 3 ಮಿ.ಮೀ.ಗೆ ಇಳಿದರೆ ಬದಲಾಯಿಸಿ. ನಿಮ್ಮ ಕಾರಿನ ಕೈಪಿಡಿಯಲ್ಲಿ ಬೇರೆ ಅಳತೆ ಇದ್ದರೆ ಅದೇ ಕೊನೆಯ ಮಾತು. ಬದಲಾಯಿಸುವಾಗ ಎಡ, ಬಲ ಎರಡೂ ಕಡೆ ಒಟ್ಟಿಗೇ ಹಾಕಿಸಿ, ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಕಾರು ಒಂದೇ ಕಡೆಗೆ ಎಳೆಯಬಹುದು.

ಈಗ ಒಳಗಿನ ಪ್ಯಾಡ್. ಕ್ಯಾಲಿಪರ್ ಮೇಲ್ಭಾಗದ ಕಿಂಡಿಯಿಂದ ಅಥವಾ ಹಿಂಬದಿಯಿಂದ ಸಣ್ಣ ಕನ್ನಡಿ ಹಿಡಿದು ನೋಡಿ. ಹೊರಗಿನದಕ್ಕಿಂತ ಇದು ತೀರಾ ತೆಳುವಾಗಿದ್ದರೆ ಕ್ಯಾಲಿಪರ್ ಜಾರುವ ಪಿನ್‌ಗಳು ಹಿಡಿದುಕೊಂಡಿರಬಹುದು. ಆಗ ಪ್ಯಾಡ್ ಬದಲಾಯಿಸಿದರಷ್ಟೇ ಸಾಲದು. ಪಿನ್ ಸರಿಯಾಗದಿದ್ದರೆ ಹೊಸದೂ ಹಾಗೇ ಸವೆಯುತ್ತದೆ. ಡಿಸ್ಕ್ ಮೇಲೂ ಒಮ್ಮೆ ಕಣ್ಣಾಡಿಸಿ. ಆಳವಾದ ಗೀರು, ಬಿರುಕು, ಅಂಚಿನಲ್ಲಿ ಎದ್ದುನಿಂತ ಏಣು ಕಂಡರೆ ಮೆಕ್ಯಾನಿಕ್‌ಗೆ ತೋರಿಸಿ.

ಹಿಂದಿನ ಚಕ್ರದಲ್ಲಿ ಡಿಸ್ಕ್ ಬದಲು ಡಬ್ಬಿಯಂಥ ಡ್ರಮ್ ಇದ್ದರೆ ಸ್ವಲ್ಪ ಕೆಲಸ ಜಾಸ್ತಿ. ಹ್ಯಾಂಡ್‌ಬ್ರೇಕ್ ಬಿಡದೆ ಡ್ರಮ್ ಹೊರಗೆ ಬರುವುದಿಲ್ಲ. ಅದಕ್ಕೆ ಮೊದಲು ಗೇರಿಗೆ ಹಾಕಿ, ಮುಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಅಡ್ಡ ಕೊಡಿ. ಡ್ರಮ್ ಒಳಗೆ ಉಜ್ಜುವ ಪದರಕ್ಕೆ ಲೈನಿಂಗ್ ಎನ್ನುತ್ತಾರೆ. ಅದು ಅಂಟಿಸಿದ್ದಾದರೆ ದಪ್ಪ ನೋಡಿ, 2 ಮಿ.ಮೀ. ಹತ್ತಿರ ಬಂದಿದ್ದರೆ ಮುಗಿಯಿತು. ರಿವೆಟ್ ಹೊಡೆದದ್ದಾದರೆ ರಿವೆಟ್ ತಲೆಯಿಂದ ಮೇಲಕ್ಕೆ ಎಷ್ಟು ಉಳಿದಿದೆ ಎಂಬುದೇ ಲೆಕ್ಕ. ಎಣ್ಣೆ ಪಸೆ ಕಂಡರೆ ಲೈನಿಂಗ್ ದಪ್ಪವಿದ್ದರೂ ಬದಲಾಯಿಸಬೇಕು, ಸೋರಿಕೆ ಎಲ್ಲಿಂದ ಎಂದೂ ಹುಡುಕಬೇಕು.

ಒಂದು ಮಾತು ಮರೆಯಬೇಡಿ. ಒಳಗಿನ ಧೂಳನ್ನು ಬಾಯಿಂದಾಗಲಿ ಗಾಳಿ ಪೈಪಿನಿಂದಾಗಲಿ ಊದಬೇಡಿ. ಹಳೆಯ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಲ್ಲಿ ಒರೆಸಿ. ಡ್ರಮ್ ತೆಗೆದಿಟ್ಟಾಗ ಬ್ರೇಕ್ ಪೆಡಲ್ ತುಳಿಯಲೂಬಾರದು. ಲೈನಿಂಗನ್ನು ಡ್ರಮ್‌ಗೆ ಒತ್ತುವ ವೀಲ್ ಸಿಲಿಂಡರ್‌ನ ಪಿಸ್ಟನ್ ಹೊರಗೆ ಬಂದುಬಿಡಬಹುದು.

ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿಯನ್ನೂ ನೋಡಿ. ಪ್ಯಾಡ್ ಸವೆದಂತೆ ಮಟ್ಟ ನಿಧಾನಕ್ಕೆ ಇಳಿಯುತ್ತದೆ. ಕಾರಣ ತಿಳಿಯದೆ ಸುಮ್ನೆ ತುಂಬಿಸಬೇಡಿ.

ಎಲ್ಲ ಜೋಡಿಸಿ ಕಾರು ಇಳಿಸಿದ ಮೇಲೆ ನಟ್‌ಗಳನ್ನು ಎದುರುಬದುರಾಗಿ ಬಿಗಿಯಿರಿ. ಕಾರು ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಹಲವು ಸಲ ತುಳಿಯಿರಿ. ಮೆತ್ತಗೇ ಉಳಿದರೆ ಗಾಡಿ ತೆಗೆಯಬೇಡಿ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ.