ಎಂಕ್ಯಾಟ್‌ನ ಸೈಕಾಲಜಿ, ಸೋಷಿಯಾಲಜಿ: ಬಾಯಿಪಾಠ ಬಿಡಿ, ಜೋಡಿ ಹಚ್ಚಿ ಓದಿ

ಅಮೆರಿಕದ ಬಹುತೇಕ ಮೆಡಿಕಲ್ ಕಾಲೇಜುಗಳಿಗೆ ಸೇರಬೇಕಾದರೆ ಎಂಕ್ಯಾಟ್ ಪರೀಕ್ಷೆ ಬರೆಯಬೇಕು. ನಮ್ಮ ನೀಟ್‌ನಲ್ಲಿರುವ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಅದರಲ್ಲೂ ಇವೆ. ಜೊತೆಗೆ 2015ರಿಂದ ಮನಸ್ಸು ಮತ್ತು ಸಮಾಜದ ಬಗ್ಗೆಯೇ ಒಂದು ಇಡೀ ಭಾಗ ಸೇರಿದೆ. ನ್ಯೂಜೆರ್ಸಿಯಲ್ಲೋ ಬೇ ಏರಿಯಾದಲ್ಲೋ ಇರುವ ನಮ್ಮವರ ಮಕ್ಕಳು ಬರೆಯುವುದು ಇದನ್ನೇ. ‘ಅದೇನು ಮಹಾ, ಕೊನೆಗೆ ಒಂದೆರಡು ವಾರ ಓದಿದರಾಯ್ತು’ ಅಂತ ಇದನ್ನು ಬದಿಗಿಡುವವರು ಜಾಸ್ತಿ. ಹಾಗೆ ಮಾಡಬೇಡಿ. ನಾಲ್ಕು ಭಾಗಗಳಿಗೂ ಅಂಕ ಒಂದೇ ಸಮ: ಒಂದೊಂದಕ್ಕೂ 118ರಿಂದ 132.

ಈ ಭಾಗದಲ್ಲಿ 95 ನಿಮಿಷಕ್ಕೆ 59 ಪ್ರಶ್ನೆ. ಅದರಲ್ಲಿ 44 ಪ್ರಶ್ನೆಗಳು 10 ಪ್ಯಾಸೇಜ್‌ಗಳ ಮೇಲೆ, ಉಳಿದ 15 ಬಿಡಿ ಪ್ರಶ್ನೆಗಳು. ಸುಮಾರು ಶೇ 65ರಷ್ಟು ಸೈಕಾಲಜಿ, ಶೇ 30ರಷ್ಟು ಸೋಷಿಯಾಲಜಿ, ಉಳಿದದ್ದು ಬಯಾಲಜಿ.

ಮೊದಲು ಪಟ್ಟಿ ಇಳಿಸಿಕೊಳ್ಳಿ

ಪರೀಕ್ಷೆ ನಡೆಸುವ ಎಎಎಂಸಿ ಸಂಸ್ಥೆಯೇ ಪೂರ್ತಿ ಸಿಲಬಸ್ ಪಟ್ಟಿಯನ್ನು ಉಚಿತವಾಗಿ ಕೊಡುತ್ತದೆ. ಅದನ್ನು ಪ್ರಿಂಟ್ ಮಾಡಿಕೊಳ್ಳಿ. ಒಂದೊಂದು ಪದದ ಮುಂದೆಯೂ ಗುರುತು ಹಾಕಿ: ಉದಾಹರಣೆ ಕೊಟ್ಟು ಹೇಳಬಲ್ಲೆ, ಬರೀ ಕೇಳಿದ್ದೇನೆ, ಗೊತ್ತೇ ಇಲ್ಲ. ಹೆಚ್ಚು ಹೊತ್ತು ಬೇಡುವುದು ನಡುವಿನ ಗುಂಪು. ಕೇಳಿದ ಪದ ಕಂಡಾಗ ‘ಇದು ನನಗೆ ಗೊತ್ತು’ ಅನ್ನಿಸುತ್ತದೆ. ಪರೀಕ್ಷೆಯಲ್ಲಿ ಕೈಕೊಡುವುದೂ ಅದೇ.

ಒಂದರಂತೆ ಇನ್ನೊಂದು ಕಾಣುವ ಪದಗಳನ್ನು ಒಟ್ಟಿಗೆ ಓದಿ

ಇಲ್ಲಿ ಪ್ರಶ್ನೆ ‘ಇದರ ಅರ್ಥವೇನು’ ಅಂತ ಬರುವುದು ಕಡಿಮೆ. ಒಂದು ಸನ್ನಿವೇಶ ಕೊಟ್ಟು ‘ಇದು ಯಾವುದು’ ಅಂತ ಕೇಳುತ್ತಾರೆ. ನಾಲ್ಕು ಉತ್ತರಗಳೂ ಅಕ್ಕಪಕ್ಕದ ಮನೆಯವರ ಹಾಗೆ ಇರುತ್ತವೆ. ಹಾಗಾಗಿ ಪದಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಿ ಉಪಯೋಗವಿಲ್ಲ.

ಸೈಕಾಲಜಿಸ್ಟ್ ಸ್ಕಿನ್ನರ್ ಅವರ ಆಪರೆಂಟ್ ಕಂಡೀಷನಿಂಗ್ ತೆಗೆದುಕೊಳ್ಳಿ. ಮಾಡಿದ್ದಕ್ಕೆ ಸಿಗುವ ಫಲದಿಂದ ನಡವಳಿಕೆ ಬದಲಾಗುವುದೇ ಅದು. ನೆಗೆಟಿವ್ ರಿಇನ್‌ಫೋರ್ಸ್‌ಮೆಂಟ್ ಅಂದರೆ ಶಿಕ್ಷೆ ಅಂತ ಅಂದುಕೊಳ್ಳುವವರು ತುಂಬಾ ಜನ. ಅಲ್ಲ. ಸನ್ನಿವೇಶ ಓದಿ ಮೂರು ಪ್ರಶ್ನೆ ಕೇಳಿಕೊಳ್ಳಿ. ಯಾರ ನಡವಳಿಕೆಯ ಬಗ್ಗೆ ಕೇಳುತ್ತಿದ್ದಾರೆ? ಅದು ಹೆಚ್ಚಾಯಿತೋ ಕಡಿಮೆಯಾಯಿತೋ? ಏನನ್ನಾದರೂ ಕೊಟ್ಟರೋ, ಇದ್ದದ್ದನ್ನು ತೆಗೆದರೋ? ಹೆಚ್ಚಾದರೆ ರಿಇನ್‌ಫೋರ್ಸ್‌ಮೆಂಟ್, ಕಡಿಮೆಯಾದರೆ ಪನಿಷ್‌ಮೆಂಟ್. ಕೊಟ್ಟರೆ ಪಾಸಿಟಿವ್, ತೆಗೆದರೆ ನೆಗೆಟಿವ್.

ಅಂಗಡಿಯಲ್ಲಿ ಮಗು ಚಾಕೊಲೇಟ್‌ಗೆ ರಚ್ಚೆ ಹಿಡಿಯುತ್ತದೆ. ತಡೆಯಲಾರದೆ ಅಮ್ಮ ಕೊಡಿಸುತ್ತಾರೆ. ಅಳು ನಿಲ್ಲುತ್ತದೆ. ಮುಂದಿನ ಸಲ ಮಗು ಇನ್ನೂ ಬೇಗ ಅಳುತ್ತದೆ, ಅಮ್ಮ ಇನ್ನೂ ಬೇಗ ಕೊಡಿಸುತ್ತಾರೆ. ಮಗುವಿಗೆ ಚಾಕೊಲೇಟ್ ಸಿಕ್ಕಿತು, ಅಳುವುದು ಹೆಚ್ಚಾಯಿತು: ಇದು ಪಾಸಿಟಿವ್ ರಿಇನ್‌ಫೋರ್ಸ್‌ಮೆಂಟ್. ಅಮ್ಮನಿಗೆ ಅಳುವಿನ ಕಾಟ ತಪ್ಪಿತು, ಕೊಡಿಸುವುದು ಹೆಚ್ಚಾಯಿತು: ಇದು ನೆಗೆಟಿವ್ ರಿಇನ್‌ಫೋರ್ಸ್‌ಮೆಂಟ್. ಘಟನೆ ಒಂದೇ, ಉತ್ತರ ಎರಡು. ಯಾರ ನಡವಳಿಕೆ ಅನ್ನುವುದನ್ನು ಮೊದಲು ಕೇಳಿಕೊಳ್ಳಿ ಅಂದಿದ್ದು ಅದಕ್ಕೇ. ಅಂಕ ಕಡಿಮೆ ಬಂತೆಂದು ಮಗನ ಫೋನ್ ಕಿತ್ತಿಟ್ಟುಕೊಂಡ ಮೇಲೆ ಅವನ ಸೋಮಾರಿತನ ಕಡಿಮೆಯಾದರೆ? ಅದು ನೆಗೆಟಿವ್ ಪನಿಷ್‌ಮೆಂಟ್.

ಮಿಕ್ಕ ಜೋಡಿಗಳಿಗೂ ಹೀಗೇ ನಿಮ್ಮದೇ ಉದಾಹರಣೆ ಹುಡುಕಿ. ಹಳೆಯ ಪಾಸ್‌ವರ್ಡ್ ಅಡ್ಡ ಬಂದು ಹೊಸದು ನೆನಪಾಗದಿದ್ದರೆ ಪ್ರೊಆಕ್ಟಿವ್ ಇಂಟರ್‌ಫಿಯರೆನ್ಸ್. ಹೊಸದು ಕಲಿತ ಮೇಲೆ ಹಳೆಯದು ಮರೆತರೆ ರೆಟ್ರೊಆಕ್ಟಿವ್. ಒಂದು ಗುಂಪಿನ ಜನರೆಲ್ಲ ಹೀಗೇ ಅಂತ ನಂಬುವುದು ಸ್ಟೀರಿಯೊಟೈಪ್, ಆ ಗುಂಪಿನ ಮೇಲೆ ಮೊದಲೇ ಮನಸ್ಸಿನಲ್ಲಿರುವ ಅಸಮಾಧಾನ ಪ್ರೆಜುಡಿಸ್, ಅವರಿಗೆ ಬಾಡಿಗೆ ಮನೆ ಕೊಡದಿರುವುದು ಡಿಸ್ಕ್ರಿಮಿನೇಷನ್. ನಂಬಿಕೆ, ಭಾವನೆ, ಕೆಲಸ ಅಂತ ನೆನಪಿಟ್ಟುಕೊಳ್ಳಿ.

ಸೋಷಿಯಾಲಜಿಗೆ ಒಂದೇ ಜಾಗ ಸಾಕು: ಆಸ್ಪತ್ರೆ

ಸಿದ್ಧಾಂತಗಳನ್ನು ಹೆಸರು, ಇಸವಿ ಅಂತ ಓದಿದರೆ ಎಲ್ಲ ಕಲಸಿಹೋಗುತ್ತವೆ. ಒಂದೇ ಆಸ್ಪತ್ರೆಯನ್ನು ಮೂರು ಕಡೆಯಿಂದ ನೋಡಿ. ಡರ್ಕೈಮ್ ಹಾದಿಯ ಫಂಕ್ಷನಲಿಸಂ, ಸಮಾಜ ಸರಾಗವಾಗಿ ನಡೆಯಲು ಆಸ್ಪತ್ರೆ ಏನು ಮಾಡುತ್ತದೆ ಅಂತ ಕೇಳುತ್ತದೆ. ಟಾಲ್ಕಟ್ ಪಾರ್ಸನ್ಸ್ 1951ರಲ್ಲಿ ಹೇಳಿದ ‘ಸಿಕ್ ರೋಲ್’ ಇಲ್ಲಿ ಬರುತ್ತದೆ: ಕಾಯಿಲೆಯವರಿಗೆ ಕೆಲಸದಿಂದ ವಿನಾಯಿತಿ ಇದೆ, ಆದರೆ ಗುಣವಾಗಲು ಪ್ರಯತ್ನಿಸುವುದು, ಡಾಕ್ಟರ ಮಾತು ಕೇಳುವುದು ಅವರ ಹೊಣೆ. ಮಾರ್ಕ್ಸ್ ಕಡೆಯ ಕಾನ್‌ಫ್ಲಿಕ್ಟ್ ಥಿಯರಿ, ಇನ್ಶೂರೆನ್ಸ್ ಯಾರಿಗಿದೆ, ಯಾರಿಗಿಲ್ಲ, ತೀರ್ಮಾನ ಯಾರ ಕೈಯಲ್ಲಿದೆ ಅಂತ ಕೇಳುತ್ತದೆ. ಮೀಡ್ ಅವರ ಸಿಂಬಾಲಿಕ್ ಇಂಟರ್ಯಾಕ್ಷನಿಸಂ ರೂಮಿನೊಳಕ್ಕೇ ಬರುತ್ತದೆ. ಬಿಳಿ ಕೋಟು, ಕೊರಳಿನ ಸ್ಟೆಥಾಸ್ಕೋಪು, ಡಾಕ್ಟರ್ ಮಾತಾಡಿಸುವ ರೀತಿ, ಇವುಗಳಿಂದ ರೋಗಿಗೆ ಏನನ್ನಿಸುತ್ತದೆ ಅಂತ ನೋಡುತ್ತದೆ.

ಇಡೀ ಸಿಲಬಸ್‌ನಲ್ಲಿ ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಇದೇ ಪಾಠ. ಮಾತ್ರೆ ಬರೆದುಕೊಟ್ಟರೂ ರೋಗಿ ಯಾಕೆ ನುಂಗಲಿಲ್ಲ ಅನ್ನುವುದಕ್ಕೆ ಬಯೋಕೆಮಿಸ್ಟ್ರಿಯಲ್ಲಿ ಉತ್ತರವಿಲ್ಲ. ದುಡ್ಡು, ದೂರ, ಭಾಷೆ, ಹೆದರಿಕೆ, ಎಲ್ಲವೂ ಅದರಲ್ಲಿ ಸೇರಿರಬಹುದು.

ಪ್ಯಾಸೇಜ್ ಓದುವುದನ್ನೂ ರೂಢಿ ಮಾಡಿ

ಪ್ಯಾಸೇಜ್‌ಗಳಲ್ಲಿ ಅಧ್ಯಯನಗಳ ವಿವರ ಬರುತ್ತದೆ. ಸಂಶೋಧಕರು ಏನನ್ನು ಬದಲಿಸಿದರು, ಏನನ್ನು ಅಳೆದರು ಅನ್ನುವುದಕ್ಕೆ ಗುರುತು ಹಾಕಿಕೊಳ್ಳಿ. ಅವರು ಏನನ್ನೂ ಬದಲಿಸದೆ ಬರೀ ಸರ್ವೆ ಮಾಡಿದ್ದರೆ, ‘ಇದರಿಂದಲೇ ಅದು ಆಯಿತು’ ಅನ್ನುವ ಉತ್ತರವನ್ನು ಬಿಟ್ಟುಬಿಡಿ.

ಬಿಟ್ಟು ಬಿಟ್ಟು ಓದಿ, ದಣಿದಾಗ ಬರೆಯಿರಿ

ಹೇಗೆ ಓದಬೇಕು ಅನ್ನುವುದು ಸಿಲಬಸ್‌ನಲ್ಲೇ ಇದೆ. ಕಲಿತದ್ದು ಎಷ್ಟು ಬೇಗ ಮರೆಯುತ್ತದೆ ಅಂತ ಜರ್ಮನ್ ಸೈಕಾಲಜಿಸ್ಟ್ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು. ಒಂದೇ ದಿನ ಐದು ಗಂಟೆ ಕೂರುವುದಕ್ಕಿಂತ, ಅದನ್ನೇ ನಾಲ್ಕೈದು ದಿನಕ್ಕೆ ಹಂಚಿದರೆ ಜಾಸ್ತಿ ನೆನಪಿರುತ್ತದೆ. ಸುಮ್ನೆ ಹೈಲೈಟರ್ ಎಳೆಯಬೇಡಿ. ಪುಸ್ತಕ ಮುಚ್ಚಿ, ಹೇಳಿಕೊಳ್ಳಿ.

ಇನ್ನೊಂದು ವಿಷಯ. ಈ ಭಾಗ ಬರುವುದು ಕೊನೆಗೆ. ಅಷ್ಟು ಹೊತ್ತಿಗೆ ಮೂರು ಭಾಗ ಬರೆದು ತಲೆ ಸುಸ್ತಾಗಿರುತ್ತದೆ. ಮನೆಯಲ್ಲಿ ಬೆಳಗ್ಗೆ ಫ್ರೆಶ್ ಆಗಿ ಕೂತು ಇದೊಂದನ್ನೇ ಬರೆದು ನೋಡಿದರೆ ನಿಜವಾದ ಅಂದಾಜು ಸಿಗುವುದಿಲ್ಲ. ನಾಲ್ಕನ್ನೂ ಒಂದೇ ದಿನ ಬರೆಯುವ ಪ್ರಾಕ್ಟೀಸ್ ಇರಲಿ. ಈ ಭಾಗಕ್ಕೆ ಮೊದಲು 10 ನಿಮಿಷ ಬಿಡುವು ಸಿಗುತ್ತದೆ, ಆಗ ನೋಟ್ಸ್ ನೋಡುವ ಹಾಗಿಲ್ಲ. ಬಾಳೆಹಣ್ಣೋ ಬಾದಾಮಿಯೋ ತಿಂದು, ನೀರು ಕುಡಿದು, ಬಾತ್‌ರೂಮಿಗೆ ಹೋಗಿ ಬನ್ನಿ.