ಮೊದಲ ಕ್ರಿಸ್‌ಮಸ್ ಊಟಕ್ಕೆ ಕುರಿಯ ಭುಜ: ಬ್ರಿಟನ್ನಿಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಇಂಗ್ಲೆಂಡಿಗೆ ಬಂದು ನೆಲೆಸಿದ ಮೊದಲ ವರ್ಷದ ಡಿಸೆಂಬರ್ 25 ಬಹಳ ನಿಶ್ಶಬ್ದವಾದ ದಿನ. ರೈಲುಗಳು ಓಡುವುದಿಲ್ಲ, ಬಹುತೇಕ ಊರುಗಳಲ್ಲಿ ಬಸ್ಸುಗಳೂ ಇರುವುದಿಲ್ಲ, ಮತ್ತು 2004ರ ಕಾಯ್ದೆಯ ಪ್ರಕಾರ ಇಂಗ್ಲೆಂಡ್ ಹಾಗೂ ವೇಲ್ಸ್‌ನಲ್ಲಿ 280 ಚದರ ಮೀಟರಿಗಿಂತ ದೊಡ್ಡದಾದ ಅಂಗಡಿಗಳು ಆ ದಿನ ಬಾಗಿಲು ತೆರೆಯುವಂತಿಲ್ಲ. ಮನೆಯೊಳಗೆ ಏನಿದೆಯೋ ಅದರಲ್ಲೇ ಆ ದಿನ ಕಳೆಯಬೇಕು. ಅದಕ್ಕಾಗಿಯೇ ಹೊಸದಾಗಿ ಬಂದ ಮಾಂಸಾಹಾರಿ ಕುಟುಂಬಗಳಿಗೆ ನಾನು ಪ್ರತಿ ವರ್ಷ ಹೇಳುವ ಮಾತೊಂದಿದೆ: ಈ ದೇಶದವರ ಹಾಗೆ ನೀವೂ ಒಂದು ರೋಸ್ಟ್ ಮಾಡಿ, ಪಕ್ಕದ ಮನೆಯವರನ್ನೋ ಊರಿಗೆ ಹೋಗಲಾಗದ ವಿದ್ಯಾರ್ಥಿಗಳನ್ನೋ ಊಟಕ್ಕೆ ಕರೆಯಿರಿ.

ರೋಸ್ಟಿಗೆಂದು ಕತ್ತರಿಸದೆ ಇಡಿಯಾಗಿ ಮಾರುವ ದೊಡ್ಡ ಮಾಂಸದ ತುಂಡಿಗೆ ಇಲ್ಲಿ ಜಾಯಿಂಟ್ ಎನ್ನುತ್ತಾರೆ. ನಮ್ಮ ಅಡುಗೆಮನೆಯ ಅನುಭವ ಇದಕ್ಕೆ ನೇರವಾಗಿ ಒದಗುವುದಿಲ್ಲ. ನಾವು ಮಾಂಸವನ್ನು ಸಣ್ಣ ತುಂಡು ಮಾಡಿ, ಮಸಾಲೆಯ ನೀರಿನಲ್ಲಿ ಬೇಯಿಸಿ, ಬೆಂದಿಲ್ಲವೆನಿಸಿದರೆ ಕುಕ್ಕರಿನಲ್ಲಿ ಇನ್ನೆರಡು ಕೂಗು ಕೂಗಿಸುವವರು. ಎರಡು ಕಿಲೋ ತೂಕದ ಇಡೀ ತುಂಡು ಓವನ್ನಿನ ಒಣ ಬಿಸಿಯಲ್ಲಿ ಹೊರಗಿನಿಂದ ಒಳಕ್ಕೆ ನಿಧಾನವಾಗಿ ಬೇಯುತ್ತದೆ. ಯಾವ ಭಾಗದ ಮಾಂಸವನ್ನು ತಂದಿದ್ದೀರಿ ಎಂಬುದರ ಮೇಲೆಯೇ ಊಟ ಗೆಲ್ಲುವುದೋ ಸೋಲುವುದೋ ನಿಂತಿರುತ್ತದೆ.

ಇಲ್ಲಿನ ಬಹುತೇಕ ಮನೆಗಳಲ್ಲಿ ಅಂದು ಟರ್ಕಿ ಕೋಳಿ ಇರುತ್ತದೆ. ದನದ ಪಕ್ಕೆಲುಬು, ಹಂದಿಯ ತೊಡೆಯಿಂದ ಮಾಡಿದ ಗ್ಯಾಮನ್ ಕೂಡ ರೂಢಿಯಲ್ಲಿವೆ. ಹಂದಿಮಾಂಸ ತಿನ್ನುವ ಕೊಡಗಿನ ಅಥವಾ ಮಂಗಳೂರಿನ ಕುಟುಂಬವಾದರೆ ಚರ್ಮ ಸಹಿತವಾದ ಹಂದಿಯ ಸೊಂಟದ ಭಾಗವನ್ನು ತರಬಹುದು. ಚರ್ಮವನ್ನು ಬಟ್ಟೆಯಿಂದ ಚೆನ್ನಾಗಿ ಒಣಗಿಸಿ ಉಪ್ಪು ತಿಕ್ಕಿದರೆ ಅದು ಹಪ್ಪಳದಂತೆ ಗರಿಗರಿಯಾಗುತ್ತದೆ. ಆದರೆ ಅತಿಥಿಗಳಲ್ಲಿ ಹಲವು ಮನೆಗಳವರಿದ್ದಾಗ, ದನ ಮತ್ತು ಹಂದಿ ತಿನ್ನದವರೂ ಸೇರಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವಂತಾಗಲು ಕುರಿಯೇ ಉತ್ತಮ. ಕುರಿಯಲ್ಲಿಯೂ ಎಲ್ಲರೂ ಮೊದಲು ಕೈಯಿಡುವುದು ಹಿಂಗಾಲಿನ ತೊಡೆಗೆ. ಮೊದಲ ವರ್ಷ ತೊಡೆ ಬೇಡ, ಭುಜವನ್ನು ತನ್ನಿ ಎಂಬುದು ನನ್ನ ಖಚಿತವಾದ ಸಲಹೆ.

ಅದಕ್ಕೆ ಕಾರಣವನ್ನು ನಾನು ನಷ್ಟಪಟ್ಟು ಕಲಿತೆ. ನಮ್ಮ ಮೊದಲ ಕ್ರಿಸ್‌ಮಸ್ಸಿಗೆ ದುಬಾರಿ ಬೆಲೆ ಕೊಟ್ಟು ತೊಡೆ ತಂದಿದ್ದೆ. ಹೇಳಿದ ಹೊತ್ತಿಗೆ ತೆಗೆದು ಚಾಕು ಹಾಕಿದಾಗ ಕೆಂಪು ರಸ ಹರಿಯಿತು. ಊರಿನಿಂದ ಬಂದಿದ್ದ ನಮ್ಮತ್ತೆಯವರು ಅದನ್ನು ಕಂಡು ತಟ್ಟೆಯನ್ನು ಹಿಂದಕ್ಕೆ ಸರಿಸಿದರು. ಅದು ರಕ್ತವೆಂದೇ ನಾನೂ ಭಾವಿಸಿ ಮತ್ತೆ ಒಂದೂವರೆ ಗಂಟೆ ಓವನ್ನಿನಲ್ಲಿಟ್ಟೆ. ಕೊನೆಗೆ ಬಡಿಸಿದ್ದು ನಾರು ನಾರಾದ, ಗಂಟಲಲ್ಲಿ ಇಳಿಯದ ಮಾಂಸ. ಆ ಕೆಂಪು ರಸ ರಕ್ತವಲ್ಲ, ಸ್ನಾಯುವಿನಲ್ಲಿರುವ ಮಯೋಗ್ಲೋಬಿನ್ ಎಂಬ ಪ್ರೋಟೀನು ಬೆರೆತ ನೀರು ಎಂದು ತಿಳಿದದ್ದು ಆಮೇಲೆ. ತೊಡೆಯಲ್ಲಿ ಕೊಬ್ಬು ಕಡಿಮೆ, ಆದ್ದರಿಂದ ಒಳಗೆ ಸ್ವಲ್ಪ ಗುಲಾಬಿ ಬಣ್ಣವಿರುವಾಗಲೇ ತೆಗೆದರೆ ಅದು ರುಚಿ. ನಮ್ಮ ಹಿರಿಯರು ಗುಲಾಬಿ ಬಣ್ಣದ ಮಾಂಸವನ್ನು ಮುಟ್ಟುವುದಿಲ್ಲ. ಭುಜದಲ್ಲಾದರೋ ಕೊಬ್ಬೂ ಬಿಗಿಯಾದ ನಾರಿನ ಅಂಶವೂ ಹೆಚ್ಚು. ಕಡಿಮೆ ಉರಿಯಲ್ಲಿ ಗಂಟೆಗಟ್ಟಲೆ ಬೆಂದಾಗ ಆ ನಾರು ಕರಗಿ ಅಂಟುಅಂಟಾದ ರಸವಾಗುತ್ತದೆ, ಮಾಂಸ ಮೂಳೆ ಬಿಟ್ಟು ಬರುತ್ತದೆ. ನಮಗೆ ಮೆಚ್ಚುಗೆಯಾಗುವ ಮಾಂಸ ಅದೇ, ಮತ್ತು ಅರ್ಧ ಗಂಟೆ ಹೆಚ್ಚು ಕಡಿಮೆಯಾದರೂ ಅದು ಕೆಡುವುದಿಲ್ಲ. ಬೆಲೆಯೂ ಸಾಮಾನ್ಯವಾಗಿ ತೊಡೆಗಿಂತ ಕಡಿಮೆ.

ಕೊಳ್ಳುವಾಗ ಮೂಳೆ ಸಹಿತವಾದ ಇಡೀ ಭುಜವನ್ನು ಕೇಳಿ. ಎರಡರಿಂದ ಎರಡೂವರೆ ಕಿಲೋ ತೂಗಿದರೆ ಆರು ಜನರಿಗೆ ಸಾಕು. ನಮ್ಮಲ್ಲಿ ಮಟನ್ ಎಂದರೆ ಆಡೂ ಆಗಬಹುದು, ಕುರಿಯೂ ಆಗಬಹುದು. ಇಲ್ಲಿ ಮಟನ್ ಎಂದರೆ ಬಲಿತ ಕುರಿ, ಲ್ಯಾಂಬ್ ಎಂದರೆ ಸುಮಾರು ಒಂದು ವರ್ಷದೊಳಗಿನ ಮರಿ. ವಸಂತದಲ್ಲಿ ಹುಟ್ಟಿದ ಮರಿಗಳು ಡಿಸೆಂಬರಿನ ಹೊತ್ತಿಗೆ ಬೆಳೆದು ಮಾಂಸಕ್ಕೆ ಒಳ್ಳೆಯ ರುಚಿ ಬಂದಿರುತ್ತದೆ. ಕೊಬ್ಬು ಹಳದಿಯಾಗಿರದೆ ಬೆಳ್ಳಗೆ, ಗಟ್ಟಿಯಾಗಿರಬೇಕು. ಹಲಾಲ್ ಅಂಗಡಿಯಲ್ಲಿ ಕೊಳ್ಳುವುದಾದರೆ ಒಂದು ಎಚ್ಚರಿಕೆ: ನಮ್ಮ ಮುಖ ನೋಡಿದೊಡನೆ ಅವರು ಸಾರಿನ ತುಂಡುಗಳಾಗಿ ಕತ್ತರಿಸಲು ಶುರು ಮಾಡುತ್ತಾರೆ, ಆದ್ದರಿಂದ ತೂಗುವ ಮುಂಚೆಯೇ ಕತ್ತರಿಸಬೇಡಿ ಎಂದು ಹೇಳಿ. ಡಿಸೆಂಬರಿನ ಮೊದಲ ವಾರದಲ್ಲೇ ಮುಂಗಡ ಹೇಳಿಡುವುದು ಒಳ್ಳೆಯದು. ಹೆಪ್ಪುಗಟ್ಟಿಸಿದ್ದನ್ನು ತಂದಿದ್ದರೆ ಕನಿಷ್ಠ ಒಂದೂವರೆ ದಿನ ಮುಂಚೆ ಫ್ರೀಜರಿನಿಂದ ಫ್ರಿಜ್ಜಿನ ಕೆಳಗಿನ ಅಂಕಣಕ್ಕೆ ಇಳಿಸಿ. ಮತ್ತು ನಿಮ್ಮ ಟ್ರೇ ಓವನ್ನಿನೊಳಗೆ ಹಿಡಿಯುತ್ತದೆಯೇ ಎಂದು ಹಬ್ಬದ ಮುಂಚೆಯೇ ಇಟ್ಟು ನೋಡಿ.

ಮಾಂಸವನ್ನು ನಲ್ಲಿಯ ಕೆಳಗೆ ತೊಳೆಯುವ ನಮ್ಮ ಪದ್ಧತಿಯನ್ನು ಇಲ್ಲಿ ಬಿಡಬೇಕು. ತೊಳೆಯುವಾಗ ಸಿಡಿಯುವ ಹನಿಗಳಿಂದ ಸಿಂಕು, ಪಾತ್ರೆ, ತರಕಾರಿಗಳಿಗೆಲ್ಲ ಬ್ಯಾಕ್ಟೀರಿಯಾ ಹರಡುತ್ತದೆಂದು ಇಲ್ಲಿನ ಸರ್ಕಾರದ ಆಹಾರ ಸುರಕ್ಷತಾ ಸಂಸ್ಥೆಯಾದ ಫುಡ್ ಸ್ಟ್ಯಾಂಡರ್ಡ್ಸ್ ಏಜೆನ್ಸಿ ಸ್ಪಷ್ಟವಾಗಿ ಹೇಳುತ್ತದೆ. ಅಡುಗೆಮನೆಯ ಕಾಗದದಿಂದ ಒತ್ತಿ ಒರೆಸಿದರೆ ಸಾಕು. ಒರೆಸಿದ ಮೇಲ್ಮೈ ಚೆನ್ನಾಗಿ ಕೆಂಪಗಾಗುತ್ತದೆ ಕೂಡ.

ಹಿಂದಿನ ರಾತ್ರಿ ಚಾಕುವಿನ ಮೊನೆಯಿಂದ ಹದಿನೈದು ಇಪ್ಪತ್ತು ಕಡೆ ಚುಚ್ಚಿ, ಪ್ರತಿ ತೂತಿಗೂ ಬೆಳ್ಳುಳ್ಳಿಯ ಸೀಳೊಂದನ್ನೂ ರೋಸ್‌ಮೆರಿ ಎಲೆಯನ್ನೂ ತುರುಕಿ, ಉಪ್ಪು, ಕುಟ್ಟಿದ ಕಾಳುಮೆಣಸು, ಎಣ್ಣೆ ಸವರಿಡಿ. ನಮ್ಮ ಮಸಾಲೆಯೇ ಬೇಕೆಂದಾದರೆ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು, ಕಾಳುಮೆಣಸುಗಳನ್ನು ಅರೆದು ಹಚ್ಚಬಹುದು. ಖಾರದ ಪುಡಿ, ಧನಿಯಾ ಪುಡಿಗಳು ಜೋರು ಬಿಸಿಯಲ್ಲಿ ಸೀದು ಕಹಿಯಾಗುತ್ತವೆ. ಅವನ್ನು ಹಚ್ಚಿದರೆ ಆರಂಭದ ಜೋರು ಬಿಸಿಯನ್ನು ಬಿಟ್ಟು, ಮುಚ್ಚಿ ಬೇಯಿಸಿ, ಕೊನೆಯ ಇಪ್ಪತ್ತು ನಿಮಿಷ ಮಾತ್ರ ತೆರೆದು ಕೆಂಪಗೆ ಮಾಡಿಕೊಳ್ಳಿ.

ಮಧ್ಯಾಹ್ನ ಎರಡಕ್ಕೆ ಊಟವೆಂದಿಟ್ಟುಕೊಳ್ಳೋಣ. ಬೆಳಿಗ್ಗೆ ಏಳೂವರೆಗೆ ಮಾಂಸವನ್ನು ಫ್ರಿಜ್ಜಿನಿಂದ ತೆಗೆಯಿರಿ. ಎಂಟೂವರೆಗೆ, 220 ಡಿಗ್ರಿ ಸೆಲ್ಸಿಯಸ್ ಕಾದ ಓವನ್ನಿನಲ್ಲಿ, ದಪ್ಪಗೆ ಹೆಚ್ಚಿದ ಈರುಳ್ಳಿಯ ಹಾಸಿನ ಮೇಲೆ ಭುಜವನ್ನಿಟ್ಟು 25 ನಿಮಿಷ ಬಿಡಿ. ಫ್ಯಾನ್ ಇರುವ ಓವನ್ನಾದರೆ ಎಲ್ಲ ಅಂಕಿಗಳಿಂದಲೂ 20 ಡಿಗ್ರಿ ಕಳೆಯಿರಿ. ಆಮೇಲೆ ಟ್ರೇಗೆ ಎರಡು ಲೋಟ ಬಿಸಿನೀರು ಹಾಕಿ, ಫಾಯಿಲ್‌ನಿಂದ ಅಂಚು ಬಿಗಿಯಾಗಿ ಮುಚ್ಚಿ, 160 ಡಿಗ್ರಿಗೆ ಇಳಿಸಿ ನಾಲ್ಕು ಗಂಟೆ ಬೇಯಿಸಿ. ಹನ್ನೊಂದು ಗಂಟೆಯ ಹೊತ್ತಿಗೆ ಒಮ್ಮೆ ನೀರು ಬತ್ತಿದೆಯೇ ಎಂದು ನೋಡಿದರೆ ಸಾಕು, ಪದೇ ಪದೇ ಬಾಗಿಲು ತೆಗೆಯಬಾರದು. ಬೆಂದಿತೇ ಎಂಬುದನ್ನು ಮೂಳೆಯೇ ಹೇಳುತ್ತದೆ. ಭುಜದೊಳಗೆ ಅಗಲವಾದ, ಚಪ್ಪಟೆಯಾದ ಹೆಗಲಮೂಳೆ ಇರುತ್ತದೆ. ಅದರ ಹೊರಗೆ ಕಾಣುವ ತುದಿಯನ್ನು ಬಟ್ಟೆಯಿಂದ ಹಿಡಿದು ಮೆಲ್ಲಗೆ ತಿರುಗಿಸಿ ಎಳೆದಾಗ, ಚೂರು ಮಾಂಸವೂ ಅಂಟಿಕೊಳ್ಳದೆ ಬೆಳ್ಳಗೆ ಜಾರಿ ಕೈಗೆ ಬಂದರೆ ಅಡುಗೆ ಮುಗಿದಂತೆ. ಬಿಗಿ ಹಿಡಿದರೆ ಇನ್ನರ್ಧ ಗಂಟೆ.

ಒಂದು ಗಂಟೆಗೆ ಹೊರತೆಗೆದು, ಫಾಯಿಲ್ ಮುಚ್ಚಿ, ಮೇಲೊಂದು ದಪ್ಪ ಟವೆಲ್ ಹೊದಿಸಿಡಿ. ತಣ್ಣಗಾಗುತ್ತದೆಂಬ ಭಯ ಬೇಡ. ಈ ಬಿಡುವಿನಲ್ಲಿ ರಸ ಮಾಂಸದೊಳಗೇ ನೆಲೆಗೊಳ್ಳುತ್ತದೆ, ನಿಮಗೆ ಓವನ್ನೂ ಖಾಲಿ ಸಿಗುತ್ತದೆ. ಆಲೂಗಡ್ಡೆಗೆ ಅದೇ ಸಮಯ. ಮಾರಿಸ್ ಪೈಪರ್ ಜಾತಿಯದನ್ನು ಸಿಪ್ಪೆ ತೆಗೆದು ದಪ್ಪ ಹೋಳು ಮಾಡಿ, ಉಪ್ಪು ನೀರಿನಲ್ಲಿ ಎಂಟು ನಿಮಿಷ ಕುದಿಸಿ, ನೀರು ಬಸಿದು, ಮುಚ್ಚಳ ಹಾಕಿ ಪಾತ್ರೆಯನ್ನು ಜೋರಾಗಿ ಕುಲುಕಿ ಅಂಚುಗಳನ್ನು ತರಿತರಿ ಮಾಡಿ. ಓವನ್ನಿನಲ್ಲಿ ಮೊದಲೇ ಕಾಯಿಸಿದ ಎಣ್ಣೆಗೆ ಹಾಕಿದಾಗ ಚುರ್ರೆಂದು ಸದ್ದು ಬರಬೇಕು. 220 ಡಿಗ್ರಿಯಲ್ಲಿ ಐವತ್ತು ನಿಮಿಷಕ್ಕೆ ಹೊಂಬಣ್ಣಕ್ಕೆ ತಿರುಗುತ್ತವೆ. ಸಸ್ಯಾಹಾರಿ ಅತಿಥಿಗಳಿದ್ದರೆ ಬಾತುಕೋಳಿಯ ಜಾತಿಯ ಗೂಸ್ ಹಕ್ಕಿಯ ಕೊಬ್ಬನ್ನು ಬಳಸಬೇಡಿ, ಸೂರ್ಯಕಾಂತಿ ಎಣ್ಣೆ ಸಾಕು. ರೋಸ್ಟಿನ ಜೊತೆ ಬಡಿಸುವ, ಬ್ರೆಡ್ ಪುಡಿಯ ಹೂರಣವಾದ ಅಂಗಡಿಯ ಸಿದ್ಧ ಸ್ಟಫಿಂಗ್‌ನಲ್ಲಿ ಹಂದಿಮಾಂಸವಿದೆಯೇ ಎಂದು ಪೊಟ್ಟಣದ ಮೇಲೆ ಓದಿ. ಪುಟ್ಟ ಎಲೆಕೋಸಿನಂತಿರುವ ಬ್ರಸಲ್ಸ್ ಸ್ಪ್ರೌಟ್‌ಗಳನ್ನು ಹೆಚ್ಚಿ ಸಾಸಿವೆ, ಕರಿಬೇವಿನ ಒಗ್ಗರಣೆ ಕೊಟ್ಟು ಕಾಯಿತುರಿ ಹಾಕಿ ಪಲ್ಯ ಮಾಡಿದರೆ ಮಕ್ಕಳೂ ತಿನ್ನುತ್ತಾರೆ.

ಟ್ರೇಯಲ್ಲಿ ಉಳಿದ ರಸವನ್ನು ಎಸೆಯಬೇಡಿ, ಗ್ರೇವಿ ಅದರಲ್ಲೇ ಇದೆ. ಮೇಲೆ ತೇಲುವ ಕೊಬ್ಬನ್ನು ಚಮಚದಿಂದ ತೆಗೆದು, ಅದರಲ್ಲಿ ಎರಡು ಚಮಚವನ್ನು ಮಾತ್ರ ಬಿಟ್ಟು, ಒಂದು ದೊಡ್ಡ ಚಮಚ ಮೈದಾ ಕಲಸಿ, ಬಿಸಿನೀರು ಸೇರಿಸುತ್ತ ತಳ ಕೆರೆದು ಕುದಿಸಿ ಸೋಸಿ. ಜೊತೆಗೆ ಹೆಚ್ಚಿದ ಪುದೀನಕ್ಕೆ ಸಕ್ಕರೆ, ವಿನೆಗರ್ ಬೆರೆಸಿದ ಮಿಂಟ್ ಸಾಸ್ ಇದ್ದರೆ ಕೊಬ್ಬಿನ ಜಿಡ್ಡು ಮುರಿಯುತ್ತದೆ.

ಮುಂದಿನ ವರ್ಷ ತೊಡೆಗೆ ಕೈಹಾಕುವವರು ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ಕೊಳ್ಳಿ. ಮೂಳೆಗೆ ತಾಗದಂತೆ ದಪ್ಪನೆಯ ನಡುಭಾಗಕ್ಕೆ ಚುಚ್ಚಿದಾಗ ಸುಮಾರು 60 ಡಿಗ್ರಿಗೆ ಗುಲಾಬಿ ಬಣ್ಣ, 70 ದಾಟಿದರೆ ಪೂರ್ತಿ ಬೆಂದದ್ದು. ಹೊರತೆಗೆದ ಮೇಲೂ ನಾಲ್ಕೈದು ಡಿಗ್ರಿ ಏರುವುದರಿಂದ ಅಷ್ಟು ಮುಂಚೆಯೇ ತೆಗೆಯಬೇಕು. ಬ್ಯಾಕ್ಟೀರಿಯಾ ಇರುವುದು ಹೊರಮೈಯಲ್ಲಾದ್ದರಿಂದ ಇಡೀ ತುಂಡಿನ ಒಳಗೆ ಗುಲಾಬಿ ಇದ್ದರೆ ಅಪಾಯವಿಲ್ಲ. ಮೂಳೆ ತೆಗೆದು ಸುತ್ತಿ ದಾರ ಕಟ್ಟಿದ ಜಾಯಿಂಟ್‌ನಲ್ಲಿ ಆ ಹೊರಮೈ ಒಳಗೆ ಸೇರಿರುತ್ತದೆ. ಅದನ್ನೂ, ಕೋಳಿ ಮತ್ತು ಹಂದಿಯನ್ನೂ ನಡುವಿನವರೆಗೆ ಪೂರ್ತಿ ಬೇಯಿಸಲೇಬೇಕು.

ಉಳಿದ ಮಾಂಸವನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಎರಡು ದಿನದೊಳಗೆ ಮುಗಿಸಿ. ನಮ್ಮ ಮನೆಯಲ್ಲಿ 26ನೇ ತಾರೀಖು ಆ ಮಾಂಸವನ್ನು ಬಿಡಿಸಿ ಈರುಳ್ಳಿ, ಕಾಳುಮೆಣಸು, ಕರಿಬೇವಿನೊಂದಿಗೆ ಹುರಿಯುತ್ತೇವೆ, ಮೂಳೆಗಳನ್ನು ಕುದಿಸಿ ಸಾರು ಮಾಡುತ್ತೇವೆ, ಮುದ್ದೆಗೆ ರಾಗಿಹಿಟ್ಟನ್ನು ಹಬ್ಬದ ಹಿಂದಿನ ವಾರವೇ ತಂದಿಟ್ಟಿರುತ್ತೇವೆ.