ಕೆಂಪು ದಾರ ಮೇಲೆ ಬರಬೇಕು

"ನಳ ಬಂದಾವ್ರೀ ಆಯೀ!" ಎಂದು ಪಕ್ಕದ ಮನೆಯ ಹುಡುಗಿ ಬೆಳಗಿನ ಐದಕ್ಕೆ ಕೂಗಿದಳು. ಕೂಗಿದ್ದು ಒಳ್ಳೆಯದೇ. ಆದರೆ ನಾನು ಸೆರಗು ಸರಿಮಾಡಿಕೊಂಡು ಹೊರಗೆ ಬರುವಷ್ಟರಲ್ಲಿ ಅವಳ ಮೋಟರು ಗುಂಯ್ ಅನ್ನುತ್ತಿತ್ತು. ನಳದ ಪೈಪಿಗೇ ಮೋಟರು, ಅಲ್ಲಿಂದ ನೇರ ಸಂಪಿಗೆ. ನೀರಿನ ಬಣ್ಣ ನೋಡಿದರೆ ಹಾಲು ಕಡಿಮೆ ಬಿದ್ದ ಚಹಾದಂತಿತ್ತು.

"ಮೊದಲಿನ ನೀರು ಹೊರಗ ಬಿಡವಾ ತಂಗಿ" ಎಂದೆ.

"ಎಂಟು ದಿನಕ್ಕೊಮ್ಮೆ ಬರೂ ನೀರು, ಹೆಂಗ ಚೆಲ್ಲಲಿ ಆಯೀ? ಒಳಗ ಆರ್‌ಓ ಐತಲ್ಲ" ಎಂದಳು.

ಆ "ಐತಲ್ಲ" ಕೇಳಿಯೇ ನನಗೆ ಸಿಟ್ಟು ಬಂದಿದ್ದು. ಅಡಿಗೆಮನೆಯ ಗೋಡೆಗೆ ನೀರು ಶುದ್ಧ ಮಾಡುವ ಒಂದು ಡಬ್ಬಿ ನೇತುಹಾಕಿಬಿಟ್ಟರೆ ಸಂಪು, ಟಾಕಿ, ಕೊಡ, ಕೈ ಎಲ್ಲವೂ ತಾವಾಗಿಯೇ ಸ್ವಚ್ಛವಾಗುತ್ತವೆ ಅಂತ ಈಗಿನವರ ಲೆಕ್ಕ. ಹಲ್ಲುಜ್ಜುವುದು ಯಾವ ನೀರಿನಲ್ಲಿ? ಅಕ್ಕಿ ತೊಳೆಯುವುದು, ಸವತೆಕಾಯಿ ತೊಳೆಯುವುದು, ಮಗುವಿನ ಬಾಟಲಿ ತೊಳೆಯುವುದು ಯಾವುದರಲ್ಲಿ? ಸಂಪಿನ ನೀರಿನಲ್ಲೇ ಅಲ್ವಾ? ಅದಕ್ಕೇ ನಾನು ಇಂದಿಗೂ ಬಟ್ಟೆಯಲ್ಲಿ ನೀರು ಸೋಸುವುದು.

ನಮ್ಮ ಹುಬ್ಬಳ್ಳಿ-ಧಾರವಾಡಕ್ಕೆ ನೀರು ಹೆಚ್ಚಾಗಿ ಬರುವುದು ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಕಟ್ಟಿದ ಮಲಪ್ರಭಾ ಆಣೆಕಟ್ಟಿನಿಂದ. ಕಲಘಟಗಿ ಕಡೆಯ ನೀರಸಾಗರದ್ದೂ ಒಂದು ಪಾಲು ಇದೆ. ಶುದ್ಧ ಮಾಡಿ, ಕ್ಲೋರಿನ್ ಹಾಕಿಯೇ ಕಳಿಸುತ್ತಾರೆ. ಕೆಡುವುದು ದಾರಿಯಲ್ಲಿ. ನಮ್ಮದು ಎರೆ ನೆಲ. ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಮನೆಯ ಗೋಡೆಯನ್ನೇ ಸೀಳುವ ಮಣ್ಣು ನೆಲದೊಳಗಿನ ಪೈಪಿನ ಕೀಲನ್ನು ಬಿಡುತ್ತದೆಯೇ? ನೀರು ಜೋರಾಗಿ ಹರಿಯುವಾಗ ಆ ಸಂದಿಯಿಂದ ನೀರು ಹೊರಗೆ ಸೋರುತ್ತದೆ. ನೀರು ನಿಂತು ಪೈಪು ಖಾಲಿಯಾದಾಗ ಹೊರಗಿನ ಹೊಲಸು ಒಳಗೆ ಬರುತ್ತದೆ. ಪಕ್ಕದಲ್ಲೇ ಗಟಾರು ಇದ್ದರೆ ಕೇಳುವುದೇ ಬೇಡ. 2008ರಲ್ಲಿ ನಮ್ಮ ಊರಿನ ಕೆಲವು ವಾರ್ಡುಗಳಿಗೆ ಹಗಲುರಾತ್ರಿ ನೀರು ಕೊಡಲು ಶುರುಮಾಡಿದರು. ಪೈಪು ಸದಾ ತುಂಬಿದ್ದರೆ ಹೊಲಸು ನುಗ್ಗಲು ಜಾಗವೇ ಇರುವುದಿಲ್ಲ. ನಮ್ಮ ಓಣಿಗೆ ಆ ಪುಣ್ಯ ಇನ್ನೂ ಬಂದಿಲ್ಲ. ಅಂಥದ್ದರಲ್ಲಿ ನೀವು ಪೈಪಿಗೇ ಮೋಟರು ಹಚ್ಚಿ ಎಳೆದರೆ ಗಟಾರವನ್ನು ಹೀರಿ ಕುಡಿದಂತೆ. ನಿಮ್ಮದಷ್ಟೇ ಅಲ್ಲ, ಸಾಲಿನ ಹತ್ತು ಮನೆಯವರ ನೀರೂ ಕೆಟ್ಟಿತು. ಸಂಪಿಗೆ ತಾನಾಗಿ ಬೀಳಲಿ, ಸಂಪಿನಿಂದ ಮೇಲಕ್ಕೆ ಮೋಟರು ಹಚ್ಚಿ. ಮೊದಲಿನ ನೀರು ಬಚ್ಚಲಿಗೆ, ಗಿಡಕ್ಕೆ, ಅಂಗಳ ತೊಳೆಯಲಿಕ್ಕೆ. ಎಷ್ಟು ಹೊತ್ತು ಅಂತ ಗಡಿಯಾರ ನೋಡಬೇಡಿ, ಸ್ಟೀಲಿನ ತಂಬಿಗೆಯಲ್ಲಿ ಹಿಡಿದು ತಳ ನೋಡಿ. ತಳದ ಗೀರು ಸ್ಪಷ್ಟ ಕಾಣುವವರೆಗೆ ಸಂಪಿಗೆ ಬಿಡಬೇಡಿ.

ಇನ್ನು ಪೆನ್ನಿನಂಥ ಮೀಟರು ಹಿಡಿದು ಮನೆಮನೆಗೆ ಬರುವ ಹುಡುಗರು. ನೀರಿನಲ್ಲಿ ಅದ್ದಿ ನಂಬರು ತೋರಿಸಿ ಹೆದರಿಸುತ್ತಾರೆ. ಆ ಮೀಟರು ಅಳೆಯುವುದು ಕರಗಿದ ಉಪ್ಪನ್ನು ಮಾತ್ರ. ಅದನ್ನೇ ಟಿಡಿಎಸ್ ಅನ್ನುವುದು. ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಚಿಂತೆ ಇಲ್ಲ. ಕ್ರಿಮಿ ಇದೆಯೋ ಇಲ್ಲವೋ ಅದಕ್ಕೆ ತಿಳಿಯುವುದಿಲ್ಲ. ಗಟಾರು ಸೇರಿದ ನೀರಿಗೂ ಅದು ಒಳ್ಳೆಯ ನಂಬರು ತೋರಿಸಬಹುದು. ಬೋರಿನ ನೀರು ಕುಡಿಯುವವರ ಮಾತು ಬೇರೆ. ಗದಗ, ಮುಂಡರಗಿ ಕಡೆ ಬೋರಿನಲ್ಲಿ ಫ್ಲೋರೈಡ್ ಜಾಸ್ತಿ. ಆ ನೀರು ಕುಡಿದು ಬೆಳೆದ ಹುಡುಗರ ಹಲ್ಲಿನ ಮೇಲೆ ಕಂದು ಗೆರೆ ನೀವೂ ನೋಡಿರಬೇಕು. ಆ ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ. ನೀರು ಇಂಗಿದಷ್ಟೂ ಗಟ್ಟಿಯಾಗುತ್ತದೆ. ಅಂಥವರು ಆರ್‌ಓ ಇಟ್ಟುಕೊಳ್ಳಲಿ, ಬೇಡ ಅನ್ನುವುದಿಲ್ಲ.

ಈಗ ನೀರು ಸೋಸುವ ನನ್ನ ಬಟ್ಟೆಯ ಮಾತಿಗೆ ಬರುತ್ತೇನೆ. ಸೋಸುವುದು ಅಂದರೆ ನಳದ ಬಾಯಿಗೆ ಒಂದು ಚಿಂದಿ ಕಟ್ಟಿ ತಿಂಗಳುಗಟ್ಟಲೆ ಹಾಗೇ ಬಿಡುವುದು ಅಂದುಕೊಂಡಿದ್ದಾರೆ. ಬೆರಳಿನಿಂದ ಮುಟ್ಟಿ ನೋಡಿ ಅದನ್ನು, ಲೋಳೆ ಹತ್ತುತ್ತದೆ. ಅದರ ಬದಲು ಬರಿಯ ನಳವೇ ಮೇಲು.

ಬಟ್ಟೆ ಹತ್ತಿಯದೇ ಆಗಬೇಕು. ಟೆರಿಕಾಟ್ ಬೇಡ, ನೈಲಾನ್ ಜಾಳಿಗೆ ಬೇಡ. ಹೊಸ ಬಟ್ಟೆಯೂ ಬೇಡ. ನಾಲ್ಕಾರು ವರ್ಷ ಒಗೆದು ಒಗೆದು ಮೆತ್ತಗಾದ ಧೋತರ ಇದ್ದರೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಹಳೆಯದಾದಂತೆ ನೂಲಿನ ಎಳೆ ಬಿಚ್ಚಿ ನವಿರಾಗಿ, ಸಂದಿ ಮುಚ್ಚುತ್ತದೆ. ಕೊಡದ ಬಾಯಿಗಿಂತ ಒಂದು ಗೇಣು ಸುತ್ತಲೂ ಹೆಚ್ಚು ಬರಬೇಕು, ಅದೂ ಮಡಚಿದ ಮೇಲೆ. ಎಂಟು ಪದರ. ನನ್ನ ಸೊಸೆ ಎಂಟು ಅಂದರೆ ಎಂಟು ಸಲ ಮಡಚುತ್ತಾ ಕೂತಿದ್ದಳು, ಇಟ್ಟಿಗೆಯಾಯಿತು! ಮೂರು ಸಲ ಮಡಚಿದರೆ ಎಂಟು ಪದರ ಆಗುತ್ತದೆ, ಎಣಿಸಿ ನೋಡಿ. ಮಡಚಿದ ಮೇಲೆ ಅಂಚಿಗೆ ಸುತ್ತ ದೊಡ್ಡ ದೊಡ್ಡ ಹೊಲಿಗೆ ಹಾಕಿಬಿಡಿ, ಪದರ ಜಾರುವುದಿಲ್ಲ.

ಈಗ ಮುಖ್ಯವಾದದ್ದು. ಒಂದು ಮೂಲೆಯಲ್ಲಿ ಕೆಂಪು ದಾರದಿಂದ ಗುರುತು ಹೊಲಿಯಿರಿ, ಮೇಲಿನ ಒಂದೇ ಮಗ್ಗುಲಿಗೆ ಕಾಣುವಂತೆ. ಯಾವತ್ತೂ ಆ ಮಗ್ಗುಲೇ ಮೇಲೆ ಬರಬೇಕು. ಯಾಕೆ ಅಂದರೆ, ಕಸ, ಹುಳ, ಮಣ್ಣು ನಿಲ್ಲುವುದು ಮೇಲಿನ ಪದರದಲ್ಲಿ. ನಾಳೆ ಅವಸರದಲ್ಲಿ ಬಟ್ಟೆ ತಿರುವಿ ಹಾಕಿದಿರೋ, ನಿನ್ನೆ ಹಿಡಿದಿದ್ದನ್ನೆಲ್ಲ ಇವತ್ತು ನೀವೇ ಕೊಡದೊಳಗೆ ತೊಳೆದಂತಾಯಿತು. ಇಷ್ಟು ಸಣ್ಣ ಮಾತು ಎಂಜಿನಿಯರಿಂಗ್ ಓದಿದವರ ತಲೆಗೂ ಹೋಗುವುದಿಲ್ಲ.

ಕಟ್ಟುವಾಗ ಬಿಗಿಯಾಗಿ ತಬಲಾದಂತೆ ಕಟ್ಟಬೇಡಿ. ನಡುವೆ ತೊಟ್ಟಿಲಿನಂತೆ ನಾಲ್ಕು ಬೆರಳು ಇಳಿಬಿಡಿ. ಕೊರಳಿಗೆ ಸುತ್ತ ನಾಡಾ ಕಟ್ಟಿ. ನಳ ಜೋರಾಗಿ ಬಿಟ್ಟು ಹಿಡಿಯಬೇಡಿ, ಒತ್ತಡಕ್ಕೆ ಸಣ್ಣ ಮಣ್ಣು ಬಟ್ಟೆ ದಾಟುತ್ತದೆ. ಬಕೆಟಿನಲ್ಲಿ ಹಿಡಿದು ಅರ್ಧ ತಾಸು ನಿಲ್ಲಿಸಿ, ತಳ ಕಲಕದಂತೆ ಚರಗಿಯಿಂದ ಮೇಲಿನ ನೀರು ತೆಗೆದು ನಿಧಾನ ಸುರಿಯಿರಿ. ಕೊಡ ಕಂಠಮಟ್ಟ ತುಂಬಬೇಡಿ. ಒಳಗಿನ ನೀರು ಬಟ್ಟೆಯ ಹೊಟ್ಟೆಗೆ ತಾಗಿದರೆ ಸೋಸಿದ್ದು ಸುಳ್ಳಾಯಿತು. ಬಿಚ್ಚುವಾಗ ನಾಲ್ಕೂ ಮೂಲೆ ಕೂಡಿಸಿ ಗಂಟಿನಂತೆ ಎತ್ತಿ, ಬಚ್ಚಲಿಗೆ ಒಯ್ದು, ಕೆಂಪು ದಾರ ಕೆಳಗೆ ಮಾಡಿ, ಹಿಂದಿನ ಮಗ್ಗುಲಿನಿಂದ ಸೋಸಿದ ನೀರನ್ನೇ ಸುರಿದು ತೊಳೆಯಿರಿ. ಹೊಲಸು ಬಂದ ದಾರಿಯಲ್ಲೇ ವಾಪಸ್ಸು ಹೋಗಬೇಕು. ಹಿಂಡಿ ಸುಡು ಬಿಸಿಲಿಗೆ ಹಾಕಿ. ಅದಕ್ಕೆ ಬೇರೆ ಹಗ್ಗ ಇರಲಿ. ಟವೆಲು, ಲಂಗೋಟಿಯ ಪಕ್ಕ ಬೇಡ.

ಬಟ್ಟೆ ಅಂದಕೂಡಲೇ ಇನ್ನೊಂದು ನೆನಪಾಯಿತು, ಹೇಳಿಬಿಡುತ್ತೇನೆ. ರೊಟ್ಟಿಗೆ ನೀರು ಹಚ್ಚುವ ಬಟ್ಟೆಯನ್ನು ಅದೇ ಬಟ್ಟಲಿನಲ್ಲಿ, ಅದೇ ಹಿಟ್ಟಿನ ನೀರಿನಲ್ಲಿ ರಾತ್ರಿಯಿಡೀ ನೆನೆಯಲು ಬಿಡುತ್ತೀರಲ್ಲ, ಮೂಗು ಸತ್ತಿದೆಯೇ? ಒಲೆ ಆರಿಸಿದ ಕೈಯಲ್ಲೇ ಅದನ್ನು ತೊಳೆದು ಹಿಂಡಿ ಹರವಿ. ರೊಟ್ಟಿ ಹುಳಿ ಬರುತ್ತದೆ ಅಂತ ಹಿಟ್ಟಿನವನನ್ನು ಬೈಯುವುದು ಆಮೇಲೆ.

ನನ್ನ ಈ ಹುಚ್ಚು ಸುಮ್ನೆ ಬಂದದ್ದಲ್ಲ. ನನ್ನ ತವರು ರೋಣದ ಕಡೆ. ಊರಿಗೆಲ್ಲ ಒಂದು ಮೆಟ್ಟಿಲ ಬಾವಿ. ಕಾಲು ಮುಳುಗಿಸಿ ನಿಂತೇ ಕೊಡ ತುಂಬುತ್ತಿದ್ದೆವು. ನಾನು ಸಣ್ಣವಳಿದ್ದಾಗ ನಮ್ಮ ಸೋದರಮಾವನಿಗೆ ಕಣಕಾಲಿನ ಹತ್ತಿರ ಬೊಬ್ಬೆ ಎದ್ದಿತು. ಒಡೆದಾಗ ಬಿಳಿ ದಾರದಂಥ ಹುಳ ತಲೆ ಹಾಕಿತು. ನಾರುಹುಣ್ಣು. ಅಜ್ಜಿ ಅದನ್ನು ಒಂದು ಕಡ್ಡಿಗೆ ಸುತ್ತುತ್ತಿದ್ದಳು, ದಿನಕ್ಕೆ ಬೆರಳಗಲ. ಜೋರು ಮಾಡಿದರೆ ತುಂಡಾಗಿ ಕಾಲು ಕೊಳೆಯುತ್ತದೆ ಅಂತ ಉಸಿರು ಬಿಗಿಹಿಡಿದು ಸುತ್ತುತ್ತಿದ್ದಳು. ಬಿತ್ತಿಗೆ ಕಾಲದಲ್ಲಿ ಮಾವ ಪಡಸಾಲೆಯಲ್ಲಿ ಬಿದ್ದುಕೊಂಡಿದ್ದ. ಅವನು ಕುಡಿದ ನೀರು ಒಂದು ವರ್ಷದ ಹಿಂದಿನದು. ನೀರಿನಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಹುಳ, ಅದರ ಹೊಟ್ಟೆಯಲ್ಲಿ ಈ ನಾರುಹುಳದ ಮರಿ. ಹೊಟ್ಟೆಗೆ ಹೋದದ್ದು ಹೊರಗೆ ಬರಲು ವರ್ಷ ಹಿಡಿಯುತ್ತಿತ್ತು. ಹೊರಬರುವಾಗ ಕಾಲು ಉರಿಯುತ್ತದೆ ಅಂತ ಮತ್ತೆ ಬಾವಿಯ ನೀರಿಗೇ ಇಳಿಯುವುದು, ಹುಳ ಅಲ್ಲೇ ಮರಿ ಬಿಡುವುದು. ಎಂಬತ್ತರ ದಶಕದಲ್ಲಿ ಸರ್ಕಾರ ಇದರ ಬೆನ್ನು ಹತ್ತಿತು. ಬಟ್ಟೆಯಲ್ಲಿ ಸೋಸಿ ಕುಡಿಯಿರಿ, ಬಾವಿಗೆ ಇಳಿಯಬೇಡಿ ಅನ್ನುವುದೇ ದೊಡ್ಡ ಔಷಧ. ಈ ರೋಗಕ್ಕೆ ಗುಳಿಗೆಯೂ ಇಲ್ಲ, ಸೂಜಿಯೂ ಇಲ್ಲ. 1996ರ ನಂತರ ದೇಶದಲ್ಲಿ ಒಂದು ಪ್ರಕರಣವೂ ಕಾಣಲಿಲ್ಲ. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ ಬರೆದುಕೊಟ್ಟಿತು. ಒಂದು ಚಿಂದಿ ಬಟ್ಟೆಯನ್ನು ನೋಡಿ ನಗುವವರಿಗೆ ಇದನ್ನು ಹೇಳಬೇಕು.

ಆದರೆ ಬಟ್ಟೆ ಹಿಡಿಯುವುದು ಹುಳ, ಮಣ್ಣನ್ನು. ಭೇದಿ, ಕಾಮಾಲೆ ತರುವ ಕ್ರಿಮಿ ಎಷ್ಟೋ ದಾಟಿ ಹೋಗುತ್ತವೆ. ಆದ್ದರಿಂದ ಕುಡಿಯುವ ನೀರು ಸೋಸಿದ ಮೇಲೆ ಕುದಿಯಲೇಬೇಕು. ಬಿಸಿ ಮಾಡುವುದು ಬೇರೆ, ಕುದಿಸುವುದು ಬೇರೆ. ತಳದಲ್ಲಿ ಗುಳ್ಳೆ ಕಂಡಕೂಡಲೇ ಇಳಿಸುತ್ತಾರೆ. ಮೇಲೆಲ್ಲ ಕೊತಕೊತ ಉಕ್ಕಬೇಕು, ಉಕ್ಕಿದ ಮೇಲೂ ಒಂದೆರಡು ನಿಮಿಷ ಬಿಡಬೇಕು. ಅದೇ ಪಾತ್ರೆಯಲ್ಲಿ ಮುಚ್ಚಿ ಆರಿಸಿ. ಆಮೇಲೆ ಲೋಟ ಅದ್ದಿ ಬೆರಳು ತೊಳೆಯಬೇಡಿ, ಉದ್ದ ಹಿಡಿಕೆಯ ಸೌಟು ಇಡಿ.

ಬ್ಲೀಚಿಂಗ್ ವಾಸನೆ ಬಂದರೆ ಮೂಗು ಮುರಿಯುತ್ತೀರಿ. ಬಂದರೆ ಸಂತೋಷಪಡಿ, ದಾರಿಯಲ್ಲಿ ಔಷಧ ಇನ್ನೂ ಉಳಿದಿದೆ ಅಂತ ಅರ್ಥ. ನೀರು ಕಲಕಿದ್ದು, ವಾಸನೆಯೂ ಇಲ್ಲದಿದ್ದರೆ ಹೆದರಬೇಕು. ಸಂಪಿಗೆ ಬ್ಲೀಚಿಂಗ್ ಪುಡಿ ನೀವೇ ಹಾಕುವುದಾದರೆ ಸಾವಿರ ಲೀಟರಿಗೆ ಚಹಾ ಚಮಚೆಯಲ್ಲಿ ಅರ್ಧ ಸಾಕು. ಹಾಗೇ ಎರಚಬೇಡಿ. ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಸುರಿದು ಅರ್ಧ ತಾಸು ಬಿಡಿ. ಮೂಗಿಗೆ ಚುರುಕು ಮುಟ್ಟಿಸದ ಹಳೇ ಪುಡಿ ಬರಿಯ ಸುಣ್ಣ. ಮತ್ತೆ, ಪಾಯಖಾನೆ ತೊಳೆಯುವ ಆ್ಯಸಿಡ್ಡನ್ನೂ ಇದನ್ನೂ ಎಂದೂ ಕೂಡಿಸಬೇಡಿ, ವಿಷದ ಗಾಳಿ ಏಳುತ್ತದೆ. ಆ್ಯಸಿಡ್ಡನ್ನು ನೀರಿನ ಬಾಟಲಿಯಲ್ಲಿ ತುಂಬಿಡುವವರಿಗೆ ನಾನು ಏನೂ ಹೇಳುವುದಿಲ್ಲ, ನನ್ನ ಬಾಯಿ ಕೆಟ್ಟದು.

ಎಂಟು ದಿನದ ನೀರು ಕೂಡಿಡುವ ಊರಿನಲ್ಲಿ ಸೊಳ್ಳೆಗೆ ಹಬ್ಬ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಅಂಚಿಗೆ, ಡ್ರಮ್ಮಿನ ಗೋಡೆಯ ಮೇಲೆ. ನೀರು ಚೆಲ್ಲಿದರೆ ಮೊಟ್ಟೆ ಹೋಗುವುದಿಲ್ಲ, ಒಣಗಿ ಕೂತು ಮುಂದಿನ ನೀರಿಗೆ ಒಡೆಯುತ್ತದೆ. ವಾರಕ್ಕೊಮ್ಮೆ ತೆಂಗಿನ ನಾರಿನಿಂದ ಗೋಡೆ ತಿಕ್ಕಿ.

ಸಂಪಿನ ಮುಚ್ಚಳದ ಮೇಲೆ ಕಲ್ಲು ಹೇರಿದರೆ ಸಾಲದು, ಕೊಂಡಿ, ಕೀಲಿ ಬೇಕು. ನಮ್ಮ ಮೊಮ್ಮಗ ನಾಲ್ಕು ವರ್ಷದವನಿದ್ದಾಗ ಚೆಂಡಿನ ಹಿಂದೆ ಓಡಿ, ಜಾರಿದ ತಗಡಿನ ಮೇಲೆ ಒಂದು ಕಾಲಿಟ್ಟಿದ್ದ. ತಗಡು ಢಣ್ ಅಂದ ಸದ್ದು ಈಗಲೂ ಕಿವಿಯಲ್ಲಿದೆ. ಅಂಗಿ ಹಿಡಿದು ಎಳೆದದ್ದು ನಾನೇ. ಸಂಪು ತೊಳೆಯಲು ಒಬ್ಬರೇ ಇಳಿಯಬೇಡಿ. ಬಹಳ ದಿನ ಮುಚ್ಚಿದ್ದರೊಳಗೆ ಉಸಿರಿಗೆ ಗಾಳಿ ಇರುವುದಿಲ್ಲ, ಒಳಗೆ ಬಿದ್ದವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ಮೇಲಿನಿಂದಲೇ ಉದ್ದ ಕೋಲಿನ ಬ್ರಶ್ಶಿನಿಂದ ತಿಕ್ಕಿಸಿ.

ಬಕೆಟಿಗೆ ಹಾಕುವ ಹೀಟರ್ ರಾಡಿನ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗು ಕಿತ್ತ ಮೇಲೆ ನೀರಿಗೆ ಕೈ ಹಾಕಿ. ಮೋಟರಿಗೂ ಗೀಸರಿಗೂ ಕರೆಂಟಿನ ಸೋರಿಕೆ ಕಂಡರೆ ತಾನೇ ಬಂದಾಗುವ ಸ್ವಿಚ್ ಹಾಕಿಸಿ, ಅಂಗಡಿಯಲ್ಲಿ ಆರ್‌ಸಿಸಿಬಿ ಅನ್ನಿ, 30 ಮಿಲಿ ಆಂಪಿಯರಿನದು. ಗ್ಯಾಸ್ ಗೀಸರು ಬಚ್ಚಲಿನ ಹೊರಗೇ ಇರಲಿ. ಅದರ ವಿಷದ ಗಾಳಿಗೆ ವಾಸನೆ ಇಲ್ಲ, ಬಾಗಿಲು ಹಾಕಿ ಸ್ನಾನಕ್ಕೆ ಕೂತವರು ಕೂತಲ್ಲೇ ಒರಗುತ್ತಾರೆ.

ಪಕ್ಕದ ಮನೆಯ ಹುಡುಗಿ ನಿನ್ನೆ ಸಂಜೆ ಬಂದು, "ಬಟ್ಟಿ ಎಲ್ಲಿ ಸಿಗತೈತ್ರೀ ಆಯೀ, ಆನ್‌ಲೈನ್‌ನ್ಯಾಗ ಐತೇನು?" ಎಂದು ಕೇಳಿದಳು. ನಮ್ಮ ಯಜಮಾನರ ಹಳೆಯ ಧೋತರದಲ್ಲಿ ಇನ್ನೆರಡು ತುಂಡು ಉಳಿದಿವೆ. ಒಂದು ಅವಳಿಗೆ ತೆಗೆದಿಟ್ಟಿದ್ದೇನೆ. ದಾರ ಅವಳೇ ತರಲಿ.